ಬಾಯಿಗೆ ಬಂದರೆ

ಟಕೋಮಾ
ಮಾರ್ಚ್ 9, 2007

ರೆಲ್,

ನೀನು ಜೈಲಿನಲ್ಲಿದ್ದೀಯ ಎಂದು ತಿಳಿದದ್ದು ಸರ್ಕಾರಿ ವಕೀಲರ ಕಚೇರಿಯ ಹೆಂಗಸೊಬ್ಬಳು ಫೋನ್ ಮಾಡಿದಾಗ. ನನ್ನ ತಮ್ಮನನ್ನು ಕೊಂದವನು ನೀನೇ ಇರಬೇಕು ಎಂದು ಒಂದು ಕ್ಷಣ ಅಂದುಕೊಂಡೆ. ಅಲ್ಲವಂತೆ. ನೀನು ಏನೂ ಮಾಡಿಲ್ಲವಂತೆ. ಡೆವಾನ್‌ಗೆ ಗುಂಡು ಹೊಡೆದವರು ಯಾರು ಎಂದು ಜ್ಯೂರಿಯ ಮುಂದೆ ಕೂರಿಸಿ ಕೇಳಿದರೆ ನೀನು ಬಾಯಿ ಬಿಡಲಿಲ್ಲವಂತೆ. ಬಿಡುವವರೆಗೆ ಒಳಗಿರಲಿ ಎಂದು ನ್ಯಾಯಾಧೀಶರು ಹೇಳಿದರಂತೆ.

ಜನವರಿಯಲ್ಲಿ ನಾನು ಊರಿಗೆ ಬಂದಾಗ ನೀನು ಶವಪೆಟ್ಟಿಗೆಗೆ ಹೆಗಲು ಕೊಟ್ಟೆ. ನಮ್ಮ ಮನೆಯ ಅಡುಗೆಮನೆಯಲ್ಲಿ ಕೂತು ಮ್ಯಾಕರೋನಿ ತಿಂದೆ. ನೀನೇನು ನೋಡಿದೆ ಎಂದು ಕೇಳಿದರೆ, "ಎಲ್ಲಾ ಬೇಗ ಆಗೋಯ್ತು ಅಕ್ಕ" ಎಂದೆ. ನಾನು ನಂಬಿದೆ.

ಈಗ ಆ ಹೆಂಗಸು ಹೇಳುತ್ತಾಳೆ, ಚಿಕನ್ ಅಂಗಡಿಯ ಬಾಗಿಲಲ್ಲಿ ನೀವಿಬ್ಬರೂ ಒಟ್ಟಿಗೆ ನಿಂತಿದ್ದಿರಿ, ಹೊಡೆದವನು ಮುಖ ಕೂಡ ಮುಚ್ಚಿಕೊಂಡಿರಲಿಲ್ಲ ಎಂದು.

ನಾನು ನಿಮ್ಮಿಬ್ಬರನ್ನೂ ಮೆಟ್ಟಿಲ ಮೇಲೆ ಕೂರಿಸಿಕೊಂಡು ಜಡೆ ಹೆಣೆದವಳು, ರೆಲ್. ನಿನ್ನ ತಲೆಯ ಮೇಲೆ ಎಲ್ಲಿ ಗಾಯದ ಗುರುತಿದೆ ಎಂದು ನಿನಗಿಂತ ಚೆನ್ನಾಗಿ ನನಗೆ ಗೊತ್ತು. ನನಗೆ ಉತ್ತರ ಬರೆ.

ಒಡೆಟ್


ಕೌಂಟಿ ಜೈಲು
ಏಪ್ರಿಲ್ 2, 2007

ಒಡೆಟ್ ಅಕ್ಕ,

ನಿನ್ನ ಪತ್ರ ಬಂತು. ನಾನು ಚೆನ್ನಾಗಿದ್ದೇನೆ. ಜೊತೆಗೆ ಒಬ್ಬ ಮುದುಕ ಇದ್ದಾನೆ, ಇಡೀ ದಿನ ಮಲಗಿರುತ್ತಾನೆ. ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಬ್ರೆಡ್ಡು, ಸಂಜೆ ಅದೇ ಬ್ರೆಡ್ಡಿನ ಮೇಲೆ ಏನೋ ಒಂದು. ಸಂಗೀತ ಇಲ್ಲ. ಮೊದಮೊದಲು ಮಂಚದ ಕಂಬಿಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದೆ. ಈಗ ಹಾಕುವುದಿಲ್ಲ. ಯಾರೋ ಬೇಡ ಎಂದದ್ದಕ್ಕಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ನಾನು ನೋಡಲಿಲ್ಲ. ಖಾರದ ಸಾಸ್ ಕೇಳೋಣ ಎಂದು ಅಂಗಡಿಯ ಕಡೆ ತಿರುಗಿದ್ದೆ. ತಿರುಗಿ ನೋಡುವಷ್ಟರಲ್ಲಿ ಅವನು ನೆಲದ ಮೇಲಿದ್ದ.

ಪತ್ರದಲ್ಲಿ ಯಾರ ಹೆಸರನ್ನೂ ಬರೆಯಬೇಡ. ಇಲ್ಲಿ ಕಾಗದಗಳನ್ನು ಬಿಚ್ಚಿ ಓದುವವನು ನಮ್ಮ ಬೀದಿಯ ಅರ್ಧ ಜನಕ್ಕೆ ನೆಂಟ.

ನಿಮ್ಮಮ್ಮ ಮಿಸ್ ಅರ್ಲೀನ್ ಹೇಗಿದ್ದಾರೆ? ಅವರನ್ನು ನೋಡಿಕೋ. ನಾನು ಕೇಳಿದೆ ಎಂದು ಹೇಳಬೇಡ.

ರೆಲ್


ಟಕೋಮಾ
ಏಪ್ರಿಲ್ 20, 2007

ರೆಲ್,

ಖಾರದ ಸಾಸ್. ಒಂದು ತೊಟ್ಟು ಖಾರ ನಾಲಿಗೆಗೆ ತಾಗಿದರೆ ಬಿಕ್ಕಳಿಸಿಕೊಂಡು ನಮ್ಮಮ್ಮನ ಸ್ಕರ್ಟು ಹಿಡಿದುಕೊಳ್ಳುತ್ತಿದ್ದವನು ನೀನು. ಸುಳ್ಳು ಹೇಳುವುದಾದರೆ ನಿನ್ನ ಜಡೆ ಹೆಣೆಯದವರಿಗೆ ಹೇಳು.

ನಿಮ್ಮ ಹಾಡು ನನಗೂ ಬರುತ್ತದೆ. ಶವಯಾತ್ರೆಯ ದಿನ ಎಲ್ಲ ಕಾರುಗಳಲ್ಲೂ ಅದೇ. "ಕಣ್ಣು ಕಂಡದ್ದು ಕಣ್ಣಲ್ಲೇ ಇರಲಿ, ಬಾಯಿಗೆ ಬಂದರೆ ಮಣ್ಣಲ್ಲೇ ಇರಲಿ." ಬರೆದವನು ಡೆವಾನ್, ತಾಳ ಕೂರಿಸಿದವನು ನೀನು. ಪೊಲೀಸರಿಗೆ ಬಾಯಿ ಬಿಟ್ಟವನು ನಾಯಿಗಿಂತ ಕಡೆ ಎಂದು ಊರಿಗೆಲ್ಲ ಕುಣಿಯುತ್ತಾ ಹೇಳಿಕೊಟ್ಟಿರಿ. ಚೆನ್ನಾಗಿಯೇ ಕಲಿತಿದ್ದಾರೆ. ಆ ಸಂಜೆ ಅಂಗಡಿಯ ಮುಂದೆ ಎಷ್ಟೊಂದು ಜನ ಇದ್ದರಂತೆ, ಎಲ್ಲರೂ ಸಾಸ್ ಕೇಳಲು ತಿರುಗಿದ್ದರಂತೆ.

ಎದುರು ಮನೆಯ ಮಿಸ್ ರುಥೆಲ್ ತಮ್ಮ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಾಗ ಯಾರೋ ಯಾರಿಗೋ ಹೊಡೆದ ಗುಂಡು ಬಿದ್ದು ಸತ್ತರು. ಹೋದ ಬೇಸಿಗೆಯ ಮಾತು. ಆಗಲೂ ಯಾರೂ ನೋಡಲಿಲ್ಲ. ಅದನ್ನು ಯಾರು ಮಾಡಿದರು ಎಂದು ಆಗಲೇ ಒಬ್ಬ ಬಾಯಿ ಬಿಟ್ಟಿದ್ದರೆ ನನ್ನ ತಮ್ಮ ಬದುಕಿರುತ್ತಿದ್ದನೇನೋ.

ಅಮ್ಮ ಈಗ ಫೋನ್ ಎತ್ತುವುದೇ ಕಡಿಮೆ. ಚರ್ಚಿನಲ್ಲಿ ಹಾಡುವುದನ್ನೂ ಬಿಟ್ಟಿದ್ದಾಳೆ. ನಿನಗೆ ಪತ್ರ ಬರೆದೆ ಎಂದರೆ, "ಆ ಹುಡುಗನ ತಂಟೆಗೆ ಹೋಗ್ಬೇಡ, ಒಡೆಟ್" ಎಂದು ಇಟ್ಟುಬಿಟ್ಟಳು. ಅವಳಿಗೂ ನಿಮ್ಮ ರೋಗ ತಗುಲಿದೆ. ಸ್ವಂತ ಮಗ ಸತ್ತರೂ ಬೀದಿ ಏನಂದೀತು ಎಂಬ ಯೋಚನೆ.

ಹೆಸರು ಹೇಳು. ಪೊಲೀಸರಿಗೆ ಬೇಡವೆಂದರೆ ನನಗಾದರೂ ಹೇಳು.

ಒಡೆಟ್


ಟಕೋಮಾ
ಜೂನ್ 1, 2007

ರೆಲ್,

ಉತ್ತರ ಬರಲಿಲ್ಲ. ಪರವಾಗಿಲ್ಲ.

ಮೊನ್ನೆ ಒಂದು ಸಂಗತಿ ಆಯಿತು. ನಾನು ಬಸ್ ಓಡಿಸುತ್ತಿದ್ದೆ. ಹಿಂದಿನ ಸೀಟಿನಲ್ಲಿ ಒಬ್ಬಳು ಕಾಲೇಜು ಹುಡುಗಿ, ಬಿಳಿಯಳು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಏನೋ ಗುನುಗುತ್ತಿದ್ದಳು. ನಿಮ್ಮ ಹಾಡು. ಇಷ್ಟು ದೂರಕ್ಕೆ ಅದು ಹೇಗೆ ಬಂತೋ. ನಾನು ಬಸ್ಸನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಅಳು ಬರುತ್ತದೆ ಎಂದುಕೊಂಡೆ, ಬರಲಿಲ್ಲ. ಸಿಟ್ಟು ಬರುತ್ತದೆ ಎಂದುಕೊಂಡೆ, ಅದೂ ಇಲ್ಲ. ಸುಮ್ಮನೆ ಕೂತೆ. ಪ್ರಯಾಣಿಕರು ಮುಖ ಮುಖ ನೋಡಿಕೊಂಡರು. ಕೊನೆಗೆ ಒಬ್ಬ ಮುದುಕ ಎದ್ದು ಬಂದು, "ಬಸ್ ಕೆಟ್ಟೋಯ್ತೇನಮ್ಮಾ?" ಎಂದು ಕೇಳಿದ. ಇಲ್ಲ ಎಂದು ಹೇಳಿ ಮತ್ತೆ ಓಡಿಸಿದೆ.

ಈಗ ನನಗೆ ರಜೆ ಕೊಟ್ಟಿದ್ದಾರೆ. ತೆಗೆದುಕೋ ಎಂದರು, ತೆಗೆದುಕೊಂಡೆ. ಬೆಳಗ್ಗೆ ಏಳುತ್ತೇನೆ, ಸಮವಸ್ತ್ರ ಹಾಕಿಕೊಳ್ಳುತ್ತೇನೆ, ಆಮೇಲೆ ನೆನಪಾಗುತ್ತದೆ.

ನಿನ್ನನ್ನು ಬೈಯಲು ಬರೆಯುತ್ತಿಲ್ಲ. ಅವನ ಕೊನೆಯ ಗಳಿಗೆ ಗೊತ್ತಿರುವವನು ನೀನೊಬ್ಬನೇ. ಅವನು ಏನಾದರೂ ಹೇಳಿದನೇ? ಅಷ್ಟು ಹೇಳು ಸಾಕು.

ಒಡೆಟ್


ಕೌಂಟಿ ಜೈಲು
ಜೂನ್ 25, 2007

ಒಡೆಟ್ ಅಕ್ಕ,

ಅವನು ಏನೂ ಹೇಳಲಿಲ್ಲ. ಹೇಳಿದ್ದರೆ ನಿನಗೆ ಹೇಳುತ್ತಿದ್ದೆ. ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದ. ಆಂಬುಲೆನ್ಸಿನವರು ಬೆರಳು ಬಿಡಿಸಿದರು.

ನೀನು ಅದನ್ನು ರೋಗ ಎಂದೆ. ನನಗೆ ಹದಿನಾಲ್ಕು ವರ್ಷವಾಗಿದ್ದಾಗ ನನ್ನ ಸೈಕಲ್ ಕಳುವಾಯಿತು. ನೀನು ಆಗಲೇ ಟಕೋಮಾಕ್ಕೆ ಹೋಗಿದ್ದೆ. ನನ್ನಮ್ಮ ಪೊಲೀಸರಿಗೆ ಫೋನ್ ಮಾಡಿದಳು. ಇಬ್ಬರು ಬಂದರು. "ಅದನ್ನ ಎಲ್ಲಿಂದ ಕದ್ದಿದ್ದೆ?" ಎಂದು ನನ್ನನ್ನೇ ಕೇಳಿದರು. ಕಾರಿನ ಮೇಲೆ ಮುಖ ಒತ್ತಿ ಹಿಡಿದರು. ಸೈಕಲ್ ಬೀಗದ ಕೀಲಿ ನನ್ನ ಕೈಯಲ್ಲೇ ಇತ್ತು, ತೋರಿಸಲು ಮುಷ್ಟಿ ಬಿಚ್ಚಿದ್ದಕ್ಕೆ ಇನ್ನೊಂದು ಏಟು ಬಿತ್ತು. ಅದಾದ ಮೇಲೆ ಅಮ್ಮ ಆ ನಂಬರಿಗೆ ಫೋನ್ ಮಾಡಿದವಳೇ ಅಲ್ಲ. ಎದೆನೋವು ಬಂದಾಗಲೂ ಮಾಡಲಿಲ್ಲ, ಆಂಬುಲೆನ್ಸ್‌ಗೂ ಅದೇ ನಂಬರು ನೋಡು. ಪಕ್ಕದ ಮನೆಯವರ ಕಾರು ಬರುವವರೆಗೆ ಕಾದಳು. ದಾರಿಯಲ್ಲೇ ತೀರಿಹೋದಳು. ಇದನ್ನು ಯಾವ ಹಾಡೂ ಅವಳಿಗೆ ಕಲಿಸಿರಲಿಲ್ಲ.

ನಮ್ಮ ಕೇಸು ನೋಡುವ ಡಿಟೆಕ್ಟಿವ್ ಹ್ಯಾಲ್ಡೇನ್ ಒಳ್ಳೆಯವನಂತೆ ಇದ್ದಾನೆ. ಮೀನಿನ ಸ್ಯಾಂಡ್‌ವಿಚ್ ತಂದುಕೊಟ್ಟ. "ನಿನ್ನ ಫ್ರೆಂಡ್‌ಗೋಸ್ಕರ ಆದ್ರೂ ಹೇಳಪ್ಪಾ" ಎಂದ. ಹೋಗುವಾಗ ಕಾರಿಡಾರಿನಲ್ಲಿ ಎಲ್ಲರ ಎದುರು ನನ್ನ ಕೈ ಹಿಡಿದು ಕುಲುಕಿದ. ಅವನಿಗೆ ಅದೊಂದು ಚಟ. ನಾನು ಆ ಕೈಯನ್ನು ಬಹಳ ಹೊತ್ತು ತೊಳೆದೆ.

ನನಗೆ ಬರೆಯುವುದನ್ನು ನಿಲ್ಲಿಸಬೇಡ. ಕೇಳುವುದನ್ನು ಮಾತ್ರ ನಿಲ್ಲಿಸು.

ರೆಲ್


ಅಮ್ಮನ ಮನೆಯಿಂದ
ಆಗಸ್ಟ್ 12, 2007

ರೆಲ್,

ಇದನ್ನು ನಿನ್ನ ವಕೀಲೆ ಮಿಸೆಸ್ ಪ್ರೂಯಿಟ್ ಕೈಯಲ್ಲಿ ಕಳಿಸುತ್ತಿದ್ದೇನೆ. ವಕೀಲರ ಕಾಗದವನ್ನು ಅಲ್ಲಿ ಬಿಚ್ಚುವಂತಿಲ್ಲವಂತೆ. ಆದ್ದರಿಂದ ಬಿಚ್ಚಿಯೇ ಬರೆಯುತ್ತೇನೆ.

ಅಮ್ಮ ಅಡುಗೆಮನೆಯಲ್ಲಿ ಬಿದ್ದಳು ಎಂದು ಚರ್ಚಿನವರು ಫೋನ್ ಮಾಡಿದರು. ಬಂದೆ. ಮೂಳೆ ಮುರಿದಿಲ್ಲ, ಊಟ ಬಿಟ್ಟಿದ್ದಕ್ಕೆ ತಲೆ ಸುತ್ತಿದ್ದು. ನಿನ್ನೆ ನಾನು ಪಾತ್ರೆ ತೊಳೆಯುತ್ತಾ ನಿನ್ನನ್ನು ಬೈಯುತ್ತಿದ್ದೆ. ಹೇಡಿ ಎಂದೆ. ಅವಳು ಹಿಂದಿನಿಂದ, "ಸಾಕು ನಿಲ್ಸು" ಎಂದಳು. ಆಮೇಲೆ ಹೇಳಿದಳು. ಅವಳು ಹೇಳಿದ ಹಾಗೇ ಬರೆಯುತ್ತೇನೆ.

"ರುಥೆಲ್‌ನ ಕೊಂದಿದ್ದು ನಮ್ಮ ಬೀದಿ ಕ್ವಿನ್ಸಿ. ಡೆವಾನ್ ಕಿಟಕಿಯಿಂದ ನೋಡ್ದ. ಮೂರು ತಿಂಗಳು ನುಂಗ್ಕೊಂಡಿದ್ದ, ಒಂದಿನ ಊಟಕ್ಕೆ ಕೂತಾಗ ಬಾಯಿಂದ ಬಂತು. ನಡಿ ಸ್ಟೇಷನ್‌ಗೆ ಅಂದೆ. 'ಮಮ್ಮಾ, ನನ್ನ ಹಾಡು ಏನ್ ಹೇಳುತ್ತೆ ಗೊತ್ತಾ ನಿಂಗೆ?' ಅಂದ. ಹಾಡು ನಿನ್ನ ಹೊಟ್ಟೆಪಾಡು ಕಣೋ, ರುಥೆಲ್ ನಿನ್ನ ಕುಂಡೆ ತೊಳೆದವಳು ಅಂದೆ. ಚಳಿ ಇದೆ, ಕೋಟ್ ಹಾಕ್ಕೋ ಅಂದೆ. ಹಾಕ್ಕೊಂಡ. ನನ್ನ ಜೊತೆ ಬಂದ."

ಹ್ಯಾಲ್ಡೇನ್ ಬರೆದುಕೊಂಡನಂತೆ. ಈ ನಾಲ್ಕು ಗೋಡೆ ದಾಟಿ ಹೋಗುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟನಂತೆ. ಆದರೂ ಕ್ವಿನ್ಸಿಯನ್ನು ಹಿಡಿಯಲಿಲ್ಲ; ಒಬ್ಬನ ಮಾತು ಸಾಲದು, ಇನ್ನೊಬ್ಬ ಸಾಕ್ಷಿ ಬೇಕು ಎಂದರಂತೆ. ಆಮೇಲೆ ಜನವರಿಯಲ್ಲಿ ಹ್ಯಾಲ್ಡೇನ್ ಕ್ಷೌರದ ಅಂಗಡಿಗೆ ಬಂದು, ಬಾಗಿಲಲ್ಲೇ ಡೆವಾನ್‌ನ ಕೈ ಹಿಡಿದು ಕುಲುಕಿ, "ನಿನ್ನಂಥೋರು ಈ ಬೀದೀಲಿ ಇನ್ನೂ ನಾಲ್ಕು ಜನ ಇರ್ಬೇಕಿತ್ತು" ಎಂದನಂತೆ. ಕುರ್ಚಿಯಲ್ಲಿ ಕೂತಿದ್ದವರೆಲ್ಲ ಕನ್ನಡಿಯಲ್ಲಿ ನೋಡಿದರಂತೆ. ಆ ವಾರವೇ ಡೆವಾನ್ ಸತ್ತ.

ನೀನೂ ಆ ಕುರ್ಚಿಗಳಲ್ಲಿ ಒಂದರಲ್ಲಿದ್ದೆಯಂತೆ.

ನೀನು ಅವನನ್ನು ಕೊಂದವನನ್ನು ಕಾಪಾಡುತ್ತಿದ್ದೀಯ ಎಂದುಕೊಂಡಿದ್ದೆ. ನೀನು ಬಾಯಿ ಬಿಟ್ಟರೆ, ಕ್ವಿನ್ಸಿ ಅವನನ್ನು ಯಾಕೆ ಕೊಂದ ಎಂಬ ಪ್ರಶ್ನೆ ಏಳುತ್ತದೆ. ಡೆವಾನ್ ಪೊಲೀಸರ ಹತ್ತಿರ ಹೋಗಿದ್ದ ಎಂಬುದು ಹೊರಗೆ ಬರುತ್ತದೆ. ಸಂಶಯವಿದ್ದವರೂ ಈಗ ಸತ್ತವನ ಮೇಲೆ ಯಾಕೆ ಎಂದು ಸುಮ್ಮನಿದ್ದಾರೆ, ಮೂಲೆಯ ಗೋಡೆಯ ಮೇಲೆ ಅವನ ದೊಡ್ಡ ಚಿತ್ರ ಬರೆದಿದ್ದಾರೆ, ಕೆಳಗೆ ಬಾಟಲಿ, ಮೊಂಬತ್ತಿ ಇಟ್ಟಿದ್ದಾರೆ. ಅಮ್ಮ ಈ ಮನೆ ಬಿಟ್ಟು ಬರುವವಳಲ್ಲ, ಕೇಳಿ ನೋಡಿದೆ. ಅವನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದದ್ದು ಅವಳೇ ಎಂದು ಗೊತ್ತಾದರೆ ಈ ಬೀದಿಯಲ್ಲಿ ಅವಳು ಹಾಲು ತರಲು ಹೋಗುವುದು ಹೇಗೆ?

ಇದನ್ನೆಲ್ಲ ನೀನು ಮೊದಲೇ ಯೋಚಿಸಿದ್ದೆ. ನನಗೆ ಸಾಸ್ ಎಂದು ಬರೆದೆ.

ಬಾಯಿ ಬಿಡಬೇಡ, ರೆಲ್. ನಾನೇ ಹೇಳುತ್ತಿದ್ದೇನೆ. ಸುಮ್ಮನಿದ್ದುಬಿಡು.

ಒಡೆಟ್


(ಸರ್ಕಾರಿ ವಕೀಲರ ಕಚೇರಿಯ ಮೂಲಕ)
ಆಗಸ್ಟ್ 13, 2007

ಒಡೆಟ್ ಅಕ್ಕ,

ಇದನ್ನು ನಿನ್ನ ಟಕೋಮಾ ವಿಳಾಸಕ್ಕೆ ಕಳಿಸುತ್ತಿದ್ದೇನೆ. ನಾನು ಈಗ ಜೈಲಿನಲ್ಲಿಲ್ಲ. ಎಲ್ಲಿದ್ದೇನೆ ಎಂದು ಬರೆಯಬಾರದಂತೆ. ಒಂದು ಕೋಣೆ, ಒಂದು ಟಿವಿ, ಬಾಗಿಲ ಹೊರಗೆ ಒಬ್ಬ.

ನಿನ್ನೆ ಮೊನ್ನೆಯಲ್ಲ, ಹೋದ ಗುರುವಾರವೇ ಹೇಳಿದೆ. ಜ್ಯೂರಿಯ ಮುಂದೆ ಕೂತು ಹೆಸರು ಹೇಳಿದೆ. ಒಬ್ಬಳು ಹೆಂಗಸು ಟೈಪ್ ಮಾಡಿಕೊಂಡಳು. ಹೇಳಿದ ಮೇಲೆ ಏನೋ ಆಗುತ್ತದೆ ಎಂದುಕೊಂಡಿದ್ದೆ. ಒಬ್ಬರು ಕೆಮ್ಮಿದರು, ಅಷ್ಟೆ. "ನೀರು ಬೇಕಾ?" ಎಂದು ಕೇಳಿದರು. ಬೇಡ ಎಂದೆ.

ಯಾಕೆ ಎಂದು ನೀನು ಕೇಳುತ್ತೀಯ. ಜೈಲಿನ ಊಟದ ಸಾಲಿನಲ್ಲಿ, ಹೊಡೆದವನ ಕಡೆಯ ಒಬ್ಬ ನನ್ನ ಹಿಂದೆ ನಿಂತಿದ್ದ. ಹೊಸದಾಗಿ ಒಳಗೆ ಬಂದವನು. "ಏನ್ ಗುರೂ, ನಿನ್ ದೋಸ್ತ್ ಹಾಡು ಸಖತ್ತಾಗಿದೆ. ಊರೆಲ್ಲ ಕೇಳ್ತು. ಬರೆದೋನೊಬ್ಬನಿಗೇ ಕೇಳಿಸ್ಲಿಲ್ಲ ನೋಡು" ಎಂದು ನಕ್ಕ. ತಟ್ಟೆಯಲ್ಲಿದ್ದ ನನ್ನ ಬ್ರೆಡ್ಡು ಎತ್ತಿಕೊಂಡು ಹೋದ. ಅದರ ಅರ್ಥ ಏನು ಎಂದು ನೀನು ಕೇಳಬೇಡ. ನಾನು ಇಷ್ಟು ದಿನ ಬಾಯಿಯಲ್ಲಿ ಇಟ್ಟುಕೊಂಡಿದ್ದನ್ನು ಅವರು ಆಗಲೇ ತಮಾಷೆ ಮಾಡಿಕೊಂಡು ಓಡಾಡುತ್ತಿದ್ದರು. ಹಾಗಿದ್ದ ಮೇಲೆ ಯಾರಿಂದ ಮುಚ್ಚಿಡುತ್ತಿದ್ದೇನೆ? ಉಳಿದವಳು ನೀನೊಬ್ಬಳೇ ಎಂದು ಅನ್ನಿಸಿತು.

ನಾನು ಒಳ್ಳೆಯವನಾಗಿ ಹೇಳಲಿಲ್ಲ. ಧೈರ್ಯ ಬಂದೂ ಅಲ್ಲ. ಸಾಕಾಗಿತ್ತು.

ಕೆಲವು ವಿಷಯ ಕೋರ್ಟಿನಲ್ಲಿ ಎತ್ತುವುದಿಲ್ಲ ಎಂದು ಸರ್ಕಾರಿ ವಕೀಲರು ಹೇಳಿದ್ದಾರೆ. ಅದು ನಿಜವಾಗಲಿ. ಮಿಸ್ ಅರ್ಲೀನ್‌ರನ್ನು ಸ್ವಲ್ಪ ದಿನ ನಿನ್ನ ಹತ್ತಿರ ಕರೆಸಿಕೋ. ಕಾರಣ ಕೇಳಬೇಡ, ಕರೆಸಿಕೋ.

ರೆಲ್


ಅಮ್ಮನ ಮನೆಯಿಂದ
ಮಾರ್ಚ್ 20, 2008

ರೆಲ್,

ಆಗಸ್ಟಿನಿಂದ ನಿನಗೆ ಬರೆಯಲಿಲ್ಲ. ಏನೆಂದು ಬರೆಯಲಿ? ಹೇಳು ಎಂದಾಗ ನೀನು ಸುಮ್ಮನಿದ್ದೆ. ಸುಮ್ಮನಿರು ಎಂದಾಗ ಹೇಳಿಬಿಟ್ಟಿದ್ದೆ. ನನ್ನ ಪತ್ರ ನಿನಗೆ ಸಿಕ್ಕಿತೋ ಇಲ್ಲವೋ ಎಂದು ಕೋರ್ಟಿನಲ್ಲಿ ನಿನ್ನ ಮುಖ ನೋಡುವವರೆಗೆ ಗೊತ್ತಿರಲಿಲ್ಲ. ಸಿಕ್ಕಿದೆ ಎಂದು ನೋಡಿದ ಕೂಡಲೇ ಗೊತ್ತಾಯಿತು. ತೆಳ್ಳಗಾಗಿದ್ದೀಯ. ಕೂದಲು ಕತ್ತರಿಸಿದ್ದೀಯ.

ನೀನು ಹಿಂಬಾಗಿಲಿನಿಂದ ಹೋದ ಮೇಲೆ ಏನಾಯಿತು ಎಂದು ಬರೆಯುತ್ತೇನೆ.

ಕ್ವಿನ್ಸಿಯ ವಕೀಲ ನಿನ್ನನ್ನು, "ಅಂದ್ರೆ ಸತ್ತೋನೂ ಪೊಲೀಸರ ಕಡೆಯವ್ನೇ ತಾನೆ?" ಎಂದು ಕೇಳಿದನಲ್ಲ. ನೀನು ತಲೆ ತಗ್ಗಿಸಿ ಹೌದು ಎಂದೆಯಲ್ಲ. ಆಗ ಹಿಂದಿನ ಬೆಂಚುಗಳಲ್ಲಿ ಕೂತಿದ್ದ ಹುಡುಗರು ಒಬ್ಬೊಬ್ಬರಾಗಿ ಎದ್ದು ಹೋದರು. ಡೆವಾನ್‌ನ ಮುಖವಿದ್ದ ಅಂಗಿ ತೊಟ್ಟು ಬಂದವರು. ಸಂಜೆ ನಾವು ಮನೆಗೆ ಬರುವಷ್ಟರಲ್ಲಿ ಗೋಡೆಯ ಮೇಲೆ ಚಿತ್ರ ಇರಲಿಲ್ಲ, ಕಪ್ಪು ಬಣ್ಣ ಬಳಿದಿದ್ದರು. ನಮ್ಮ ಬಾಗಿಲ ಮೇಲೆ 'ಇಲಿ' ಎಂದು ಬರೆದಿದ್ದರು, ಪೊಲೀಸರಿಗೆ ಬಾಯಿ ಬಿಟ್ಟವನಿಗೆ ಬೀದಿ ಇಡುವ ಹೆಸರು.

ಬಟ್ಟೆ ತಂದು ಒರೆಸಲು ಹೋದೆ. ಅಮ್ಮ ಬಿಡಲಿಲ್ಲ. ಚರ್ಚಿಗೆ ಹಾಕಿಕೊಳ್ಳುವ ಟೋಪಿ ಹಾಕಿಕೊಂಡು ನೇರ ಕ್ಷೌರದ ಅಂಗಡಿಗೆ ನಡೆದಳು. ನಾನು ಹಿಂದೆ ಓಡಿದೆ. ಒಳಗೆ ಹಾಡು ಹಾಕಿದ್ದರು, ಅವಳನ್ನು ನೋಡಿ ನಿಲ್ಲಿಸಿದರು.

"ಅವ್ನು ತಾನಾಗಿ ಹೋಗ್ಲಿಲ್ಲ. ನಾನು ಕರ್ಕೊಂಡು ಹೋದೆ," ಎಂದಳು. "ಬಾಗಿಲ ಮೇಲೆ ಬರೆಯೋದಾದ್ರೆ ನನ್ನ ಹೆಸರು ಬರೀರಿ. ಅರ್ಲೀನ್. ಬರೆಯೋಕೆ ಬರುತ್ತಾ, ಇಲ್ಲಾ ಹೇಳಿಕೊಡ್ಲಾ?"

ಕ್ಷೌರದವನು, "ಮಿಸ್ ಅರ್ಲೀನ್, ಕೂತ್ಕೊಳ್ಳಿ, ನೀರು ಕುಡೀರಿ" ಎಂದ.

"ರುಥೆಲ್ ನಿನ್ನ ಮದುವೆಗೆ ಕೇಕ್ ಮಾಡಿದ್ಲು, ಟೈರೋನ್. ನಿನ್ನ ನೀರು ನೀನೇ ಕುಡಿ."

ಅಷ್ಟು ಹೇಳಿ ಬಂದಳು. ಬಂದು ಊಟ ಮಾಡಿದಳು, ಎರಡು ಸಲ ಬಡಿಸಿಕೊಂಡಳು. ಒಂದು ವರ್ಷದಲ್ಲಿ ಅವಳು ಹಾಗೆ ತಿಂದದ್ದನ್ನು ನಾನು ನೋಡಿರಲಿಲ್ಲ. ಅದಾದ ಮೇಲೆ ಬೀದಿಯಲ್ಲಿ ಅವಳ ಜೊತೆ ಯಾರೂ ಮಾತಾಡುವುದಿಲ್ಲ. ಕಲ್ಲು ಬೀಳುತ್ತದೆ ಎಂದು ಕಾದೆ, ಬೀಳಲಿಲ್ಲ. ಸುಮ್ಮನೆ ಅವಳು ಇಲ್ಲವೇ ಇಲ್ಲ ಎನ್ನುವ ಹಾಗೆ ಪಕ್ಕದಲ್ಲಿ ನಡೆದು ಹೋಗುತ್ತಾರೆ. ಅವಳು ಎಲ್ಲರಿಗೂ ಗುಡ್ ಮಾರ್ನಿಂಗ್ ಹೇಳುತ್ತಾಳೆ.

ಕ್ವಿನ್ಸಿಗೆ ಜೀವಾವಧಿ ಆಯಿತು. ಡೆವಾನ್‌ನನ್ನು ಕೊಂದದ್ದಕ್ಕೆ ಮಾತ್ರ. ರುಥೆಲ್‌ರದ್ದು ಯಾರ ಮೇಲೂ ಬರಲಿಲ್ಲ, ಅದನ್ನು ನೋಡಿದವನು ಸತ್ತಿದ್ದಾನಲ್ಲ. ತೀರ್ಪು ಓದಿದ ಮೇಲೆ ಹ್ಯಾಲ್ಡೇನ್ ಅಮ್ಮನ ಹತ್ತಿರ ಬಂದು ಕೈ ಚಾಚಿದ. ಅವಳು ಎರಡೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಅವನು ಏನೂ ಅರ್ಥವಾಗದವನ ಹಾಗೆ ನಿಂತಿದ್ದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ ಎಂದು ನನಗನ್ನಿಸುತ್ತದೆ.

ಸಂತೋಷವಾಯಿತೇ ಎಂದು ಟಿವಿಯವರು ಕೇಳಿದರು. ಅಮ್ಮನ ತೋಳು ಹಿಡಿದು ಮೆಟ್ಟಿಲಿಳಿದೆ.

ಮುಂದಿನ ವಾರದಿಂದ ಟಕೋಮಾದಲ್ಲಿ ಮತ್ತೆ ಬಸ್ಸು ಓಡಿಸುತ್ತೇನೆ. ಎಲ್ಲಿದ್ದರೂ ಬರೆ.

ಒಡೆಟ್


(ಊರಿನ ಹೆಸರಿಲ್ಲ)
ಜುಲೈ 8, 2008

ಒಡೆಟ್ ಅಕ್ಕ,

ಇಲ್ಲಿ ಸುತ್ತಮುತ್ತ ಬರೀ ಜೋಳದ ಹೊಲ. ಸರ್ಕಾರದವರು ಟೈರು ಅಂಗಡಿಯಲ್ಲಿ ಕೆಲಸ ಕೊಡಿಸಿದ್ದಾರೆ. ಯಾರೂ ಹುಡುಕಿ ಬರದಿರಲಿ ಎಂದು ಹೊಸ ಹೆಸರು ಕೊಟ್ಟಿದ್ದಾರೆ. ಮಾಲೀಕ ಆ ಹೆಸರನ್ನು ಕೂಗಿದಾಗ ನಾನು ಓಗೊಡುವುದು ತಡವಾಗುತ್ತದೆ. ನನಗೆ ಕಿವಿ ಮಂದ ಎಂದುಕೊಂಡಿದ್ದಾನೆ, ಜೋರಾಗಿ ಮಾತಾಡುತ್ತಾನೆ. ಹಾಗೇ ಬಿಟ್ಟಿದ್ದೇನೆ.

ಶನಿವಾರ ಮಧ್ಯಾಹ್ನ ಕಾರಿನಲ್ಲಿ ಬಟ್ಟೆ ಒಗೆಯುವ ಅಂಗಡಿಗೆ ಹೋಗುತ್ತಿದ್ದೆ. ಹಿಂದಿನಿಂದ ಪೊಲೀಸ್ ದೀಪ ಬಂತು. ನಿಲ್ಲಿಸಿದೆ, ಎರಡೂ ಕೈಗಳನ್ನು ಸ್ಟೇರಿಂಗ್ ಮೇಲೆ ಕಾಣುವ ಹಾಗೆ ಇಟ್ಟೆ. ಹುಡುಗ ಪೊಲೀಸ್, ನನಗಿಂತ ಚಿಕ್ಕವನು.

"ಹೆಸರೇನು?" ಎಂದ.

ನಾನು ಒಂದು ಕ್ಷಣ ತಡೆದೆ. ಅಷ್ಟು ಸಾಕಾಯಿತು. "ಇಳಿ ಕೆಳಗೆ. ಸ್ವಂತ ಹೆಸರಿಗೂ ಯೋಚ್ನೆ ಮಾಡ್ಬೇಕಾ?"

ಬಿಸಿಲಿಗೆ ಕಾದ ರಸ್ತೆಯಂಚಿನಲ್ಲಿ ಕೈಗೆ ಬೇಡಿ ಹಾಕಿ ಕೂರಿಸಿದ. ನನ್ನ ಒಗೆಯುವ ಬಟ್ಟೆಗಳನ್ನೆಲ್ಲ ಒಂದೊಂದಾಗಿ ಕೊಡವಿ ರಸ್ತೆಯ ಮೇಲೆ ಹಾಕಿದ. ನನ್ನ ಹತ್ತಿರ ಒಂದು ಫೋನ್ ನಂಬರ್ ಇದೆ. ಅದಕ್ಕೆ ಮಾಡಿದರೆ ನಾನು ಯಾರು ಎಂದು ಅವರು ಹೇಳುತ್ತಾರೆ, ಸರ್ಕಾರದ ಸಾಕ್ಷಿ ಎಂದು. ಆ ನಂಬರ್ ಇದೆ ಎಂದು ನಾನು ಹೇಳಲಿಲ್ಲ. ಯಾಕೆ ಎಂದು ಕೇಳಿದರೆ ಗೊತ್ತಿಲ್ಲ. ಅವನು ಕೊಡವುವುದನ್ನು ನೋಡುತ್ತಾ ಕೂತೆ. ಸಿಟ್ಟೂ ಬರಲಿಲ್ಲ, ನೀನು ಬಸ್ಸಿನಲ್ಲಿ ಕೂತಿದ್ದೆ ಎಂದೆಯಲ್ಲ, ಹಾಗೆ.

ಏನೂ ಸಿಗಲಿಲ್ಲ. ಬೇಡಿ ಬಿಚ್ಚಿದ. ಬಿಚ್ಚಿದ ಮೇಲೆ ತುಂಬ ಸ್ನೇಹದಿಂದ ಮಾತಾಡಿದ. "ಬೇಜಾರು ಮಾಡ್ಕೋಬೇಡ. ಈ ಕಡೆ ಕಳ್ಳತನ ಜಾಸ್ತಿ ಆಗಿದೆ. ನೀನೂ ಇಲ್ಲೇ ಇರೋನಲ್ವಾ, ಏನಾದ್ರೂ ಕಣ್ಣಿಗೆ ಬಿದ್ರೆ ನಮಗೆ ಒಂದು ಮಾತು ಹೇಳು" ಎಂದು ತನ್ನ ಕಾರ್ಡು ಕೊಟ್ಟ.

"ಆಯ್ತು ಸಾರ್" ಎಂದೆ.

ಬಟ್ಟೆಗಳನ್ನು ಆರಿಸಿಕೊಂಡು ಮತ್ತೆ ಚೀಲಕ್ಕೆ ತುಂಬಿದೆ. ಒಂದು ಕಾಲುಚೀಲ ಸಿಗಲೇ ಇಲ್ಲ.

ಇದನ್ನು ಮಿಸ್ ಅರ್ಲೀನ್‌ಗೆ ಓದಿ ಹೇಳಬೇಡ. ಹೊಲ ಹಸಿರಾಗಿದೆಯಂತೆ, ಹೊಟ್ಟೆತುಂಬ ತಿನ್ನುತ್ತಿದ್ದಾನಂತೆ, ಅಷ್ಟು ಹೇಳು.

ರೆಲ್